ತಾಮ್ರ ತರುವ ನಡುಕ
ಓದುವ ಹುಡುಗನ ಅಕ್ಷರ ಕೆಟ್ಟು, ಮಾತು ತೊದಲಿ, ಕೈ ನಡುಗತೊಡಗಿದರೆ ಸೋಮಾರಿತನವೆಂದು ಗದರಬೇಡಿ. ಅಪರೂಪಕ್ಕೆ ಅದು ವಿಲ್ಸನ್ ಕಾಯಿಲೆ ಇರಬಹುದು. 1912ರಲ್ಲಿ ಲಂಡನ್ನಿನ ಡಾ. ವಿಲ್ಸನ್ ವಿವರಿಸಿದ ಈ ಆನುವಂಶಿಕ ರೋಗದಲ್ಲಿ ಆಹಾರದ ತಾಮ್ರ ಪಿತ್ತದೊಡನೆ ಹೊರಹೋಗದೆ ಯಕೃತ್ತು, ಮಿದುಳುಗಳಲ್ಲಿ ಸೇರಿಕೊಳ್ಳುತ್ತದೆ. ತಾಮ್ರದ ಚೊಂಬಿನ ನೀರು ಇದಕ್ಕೆ ಕಾರಣವಲ್ಲ; ರೋಗಿಗೆ ಮಾತ್ರ ಅದು ಬೇಡ. ಪೆನಿಸಿಲಮೈನ್ ಕೊಟ್ಟರೆ ತಾಮ್ರ ಮೂತ್ರದಲ್ಲಿ ಹೊರಹೋಗುತ್ತದೆಂದು 1956ರಲ್ಲಿ ಡಾ. ವಾಲ್ಶ್ ತೋರಿಸಿದರು. ಔಷಧ ಜೀವನವಿಡೀ ಬೇಕು. ನಡುಕ ನಿಂತಿತೆಂದು ಬಿಟ್ಟರೆ ಪ್ರಾಣಕ್ಕೇ ಅಪಾಯ. 1993ರಲ್ಲಿ ಪತ್ತೆಯಾದ ಇದರ ದೋಷಯುಕ್ತ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದರಷ್ಟೇ ರೋಗ. ಹಾಗಾಗಿ ರೋಗಿಯ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲೊಂದು ಪಾಲು ಅಪಾಯವಿದೆ. ಅವರು ಚೆನ್ನಾಗಿಯೇ ಇದ್ದರೂ ರಕ್ತ, ಮೂತ್ರ, ಕಣ್ಣು ಪರೀಕ್ಷೆ ಮಾಡಿಸಿ; ಲಕ್ಷಣ ಕಾಣುವ ಮೊದಲೇ ಔಷಧ ಆರಂಭಿಸಿದರೆ ರೋಗ ತಲೆಯೆತ್ತದಂತೆ ತಡೆಯಬಹುದು.