ನಾಯಿಯ ಕಣ್ಣೀರಿನ ಲೆಕ್ಕ

ಬೆಳಗ್ಗೆ ಏಳುವಾಗ ನಾಯಿಯ ಕಣ್ಣಂಚಿನಲ್ಲಿ ಚೂರು ಪಿಸುರು ಕಂಡರೆ ಗಾಬರಿಯಾಗಬೇಕಿಲ್ಲ. ಕಣ್ಣಿಗೆ ಬಿದ್ದ ಧೂಳು, ಸತ್ತ ಜೀವಕೋಶ, ಲೋಳೆ ಎಲ್ಲವನ್ನೂ ಕಣ್ಣೀರು ಮೂಗಿನ ಪಕ್ಕದ ಮೂಲೆಗೆ ತಂದು ಹಾಕುತ್ತದೆ. ಅಲ್ಲೇ ಒಣಗಿದ್ದು ಪಿಸುರು. ಬಣ್ಣ ಬೂದಾಗಿಯೋ ಕಂದಾಗಿಯೋ ಇದ್ದು, ಕಣ್ಣು ಅಗಲವಾಗಿ ತೆರೆದಿದ್ದರೆ ಒರೆಸಿ ಸುಮ್ಮನಾಗಬಹುದು. ಅದು ಹಳದಿ, ಹಸಿರಿಗೆ ತಿರುಗಿ, ಒರೆಸಿದಷ್ಟೂ ಅಂಟಂಟಾಗಿ ಬರತೊಡಗಿದರೆ ಕಣ್ಣೀರಿನ ವ್ಯವಸ್ಥೆ ಎಲ್ಲೋ ಕೆಟ್ಟಿದೆ ಎಂದರ್ಥ.

ಈ ವ್ಯವಸ್ಥೆಯಲ್ಲಿ ನಮಗಿಲ್ಲದ ಒಂದು ಭಾಗ ನಾಯಿಗಿದೆ: ಮೂರನೆಯ ರೆಪ್ಪೆ. ಮೂಗಿನ ಪಕ್ಕದ ಮೂಲೆಯಿಂದ ಓರೆಯಾಗಿ ಸರಿದು ಬರುವ ಈ ತೆಳುಪೊರೆ ಕಾರಿನ ವೈಪರ್‌ನಂತೆ ಕಣ್ಣುಗುಡ್ಡೆಯನ್ನು ಸವರಿ ಹೋಗುತ್ತದೆ. ಅದರ ಬುಡದಲ್ಲಿರುವ ಗ್ರಂಥಿ, ಒಟ್ಟು ಕಣ್ಣೀರಿನ ಸುಮಾರು ಮೂರನೇ ಒಂದು ಪಾಲು ಅಥವಾ ಅದಕ್ಕೂ ಹೆಚ್ಚನ್ನು ಸ್ರವಿಸುತ್ತದೆ. ಬೀಗಲ್, ಕಾಕರ್ ಸ್ಪ್ಯಾನಿಯಲ್, ಬುಲ್‌ಡಾಗ್ ಮರಿಗಳಲ್ಲಿ ಈ ಗ್ರಂಥಿ ಕೆಲವೊಮ್ಮೆ ಜಾರಿ, ಕೆಂಪು ಉಂಡೆಯಾಗಿ ಹೊರಗೆ ಇಣುಕುತ್ತದೆ. ಇದಕ್ಕೆ ‘ಚೆರ್ರಿ ಐ’ ಎನ್ನುತ್ತಾರೆ. ಹಿಂದೆ ಅದನ್ನು ಗಂಟೆಂದು ತಿಳಿದು ಕತ್ತರಿಸಿ ಎಸೆಯುತ್ತಿದ್ದರು. ಹಾಗೆ ಗ್ರಂಥಿ ಕಳೆದುಕೊಂಡ ಎಷ್ಟೋ ನಾಯಿಗಳ ಕಣ್ಣು ಮುಂದೆ ಒಣಗಿದವು. ಈಗ ಅದನ್ನು ಒಳಕ್ಕೆ ತಳ್ಳಿ ಹೊಲಿಗೆ ಹಾಕುವುದೇ ಸರಿಯಾದ ಚಿಕಿತ್ಸೆ.

ಒಣಗಣ್ಣಿನ ರೋಗ ನೋಡುವವರನ್ನು ಸುಲಭವಾಗಿ ಏಮಾರಿಸುತ್ತದೆ. ಕಣ್ಣೀರು ಕಡಿಮೆಯಾದಾಗ ಅದರ ಜಾಗಕ್ಕೆ ಗಟ್ಟಿ ಲೋಳೆ ಬರುವುದರಿಂದ ಕಣ್ಣು ಒದ್ದೆಯಾಗಿಯೇ ಕಾಣುತ್ತದೆ. ಮನೆಯವರು ಸೋಂಕೆಂದು ತಿಳಿದು ತಿಂಗಳುಗಟ್ಟಲೆ ಆಂಟಿಬಯಾಟಿಕ್ ಹನಿ ಹಾಕುತ್ತಾರೆ. ನಿಜ ತಿಳಿಯಲು ಒಂದು ಕಾಗದದ ಪಟ್ಟಿ ಸಾಕು. ಅದನ್ನು ಕೆಳರೆಪ್ಪೆಗೆ ಸಿಕ್ಕಿಸಿ ಒಂದು ನಿಮಿಷ ಬಿಟ್ಟರೆ, ಆರೋಗ್ಯವಂತ ನಾಯಿಯಲ್ಲಿ 15 ಮಿಲಿಮೀಟರ್ ಅಥವಾ ಹೆಚ್ಚು ಒದ್ದೆಯಾಗುತ್ತದೆ. 10ಕ್ಕಿಂತ ಕಡಿಮೆಯಾದರೆ ಒಣಗಣ್ಣಿನ ಅನುಮಾನ ಬಲವಾಗುತ್ತದೆ.

ಬಹಳಷ್ಟು ನಾಯಿಗಳಲ್ಲಿ ಇದಕ್ಕೆ ಕಾರಣ, ದೇಹದ ರೋಗನಿರೋಧಕ ಪಡೆ ತನ್ನದೇ ಕಣ್ಣೀರ ಗ್ರಂಥಿಯ ಮೇಲೆ ಬೀಳುವುದು. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿದ್ದ ಪಶುವೈದ್ಯೆ ರೆನೀ ಕಾಸ್ವಾನ್, ಅಂಗಾಂಗ ಕಸಿಯಲ್ಲಿ ಬಳಸುವ ಸೈಕ್ಲೋಸ್ಪೊರಿನ್ ಔಷಧವನ್ನು 1980ರ ದಶಕದಲ್ಲಿ ಇಂಥ ನಾಯಿಗಳ ಕಣ್ಣಿಗೆ ಹಾಕಿ ನೋಡಿದರು. ಬತ್ತಿದ ಕಣ್ಣೀರು ಮತ್ತೆ ಬಂತು. ಮುಂದೆ ಅದೇ ಔಷಧ ಮನುಷ್ಯರ ಒಣಗಣ್ಣಿಗೂ ಹನಿಯಾಗಿ ಬಂದು, 2002ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು.

ಸಣ್ಣ ತೊಂದರೆ ದೊಡ್ಡದಾಗುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಬೆಕ್ಕಿನ ಉಗುರು, ಹುಲ್ಲಿನ ಮುಳ್ಳು, ಒಳಕ್ಕೆ ತಿರುಗಿದ ರೆಪ್ಪೆಗೂದಲು, ಯಾವುದಾದರೂ ಗೀರಿದರೆ ಸಾಕು, ಗಾಯವಾಗುತ್ತದೆ. ಮೇಲ್ಪದರದ ಗೀರು ಸರಿಯಾದ ಆರೈಕೆ ಸಿಕ್ಕರೆ ಸಾಮಾನ್ಯವಾಗಿ ವಾರದೊಳಗೆ ಮಾಯುತ್ತದೆ. ಆದರೆ ಹಿಂದಿನ ಸಲ ಉಳಿದ ಹನಿಯಲ್ಲಿ ಸ್ಟೀರಾಯ್ಡ್ ಇದ್ದು, ಅದನ್ನೇ ಮತ್ತೆ ಹಾಕಿದರೆ, ಕೆಂಪು ಇಳಿದಂತೆ ಕಂಡರೂ ಒಳಗೆ ಗಾಯ ಆಳಕ್ಕಿಳಿದು ಕಣ್ಣೇ ತೂತಾಗಬಹುದು. ಅದಕ್ಕೇ ವೈದ್ಯರು ಮೊದಲು ಫ್ಲೋರೆಸಿನ್ ಬಣ್ಣ ಹಾಕಿ ನೋಡುವುದು; ನೀಲಿ ಬೆಳಕಿನಲ್ಲಿ ಗಾಯವಿರುವ ಜಾಗ ಹಸಿರಾಗಿ ಹೊಳೆಯುತ್ತದೆ. ನಂದಿಬಟ್ಟಲ ಹೂವಿನ ರಸ, ಎದೆಹಾಲು, ಹರಳೆಣ್ಣೆಯಂಥ ಮನೆಮದ್ದನ್ನೂ ದೂರವಿಡಿ. ಗೀರಿದ ಕಣ್ಣಿಗೆ ಅವು ಸೋಂಕು ತರಬಲ್ಲವು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಔಷಧದಂಗಡಿಯ ಸಲೈನ್ ಇಲ್ಲವೇ ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಒಣಗಿದ ಪಿಸುರು ನೆನೆಯುವವರೆಗೆ ಒತ್ತಿ ಹಿಡಿದು, ಕಣ್ಣಿನಿಂದ ಹೊರಮುಖವಾಗಿ ಒರೆಸಿ. ಒಂದೊಂದು ಕಣ್ಣಿಗೂ ಬೇರೆ ಹತ್ತಿ ಇರಲಿ. ಕಣ್ಣಿಗೆ ಚುಚ್ಚುವ ಕೂದಲನ್ನು ಮೊಂಡುತುದಿಯ ಕತ್ತರಿಯಿಂದ ಕತ್ತರಿಸಿ. ಬಿಳಿ ಪಾಮರೇನಿಯನ್ ನಾಯಿಯ ಕಣ್ಣ ಕೆಳಗಿನ ಕೆಂಗಂದು ಗೆರೆ, ಕಣ್ಣೀರಿನಲ್ಲಿರುವ ಪಾರ್ಫಿರಿನ್ ಎಂಬ ವರ್ಣಕದ ಕಲೆ. ಆ ಜಾಗವನ್ನು ಒಣಗಿಸಿಟ್ಟರೆ ಸಾಕು. ಏಳೆಂಟು ವರ್ಷ ದಾಟಿದ ನಾಯಿಯ ಎರಡೂ ಕಣ್ಣಲ್ಲಿ ನಿಧಾನವಾಗಿ ಮೂಡುವ ನಸುನೀಲಿ ಮಬ್ಬು ಹೆಚ್ಚಾಗಿ ವಯಸ್ಸಿನದು. ಆದರೂ ಪೊರೆಯಲ್ಲವೆಂದು ಒಮ್ಮೆ ವೈದ್ಯರಿಂದಲೇ ಖಚಿತಪಡಿಸಿಕೊಳ್ಳಿ.

ಕಾಯಬಾರದ ಲಕ್ಷಣಗಳೇ ಬೇರೆ. ಕಣ್ಣನ್ನು ಕಿರಿದು ಮಾಡುವುದು, ಮುಂಗಾಲಿನಿಂದ ಉಜ್ಜುವುದು, ಬೆಳಕಿಗೆ ಮುಖ ತಿರುಗಿಸುವುದು ನೋವಿನ ಗುರುತು. ಕಾರ್ನಿಯಾ ಥಟ್ಟನೆ ಮಬ್ಬಾದರೆ, ಗುಡ್ಡೆ ಉಬ್ಬಿದರೆ, ಪಾಪೆಗಳೆರಡೂ ಒಂದೇ ಅಳತೆಯಲ್ಲಿರದಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಕಣ್ಣೊಳಗೆ ರಕ್ತ ಕಂಡರೆ ಉಣ್ಣೆ ಹುಳುವಿನಿಂದ ಬರುವ ಎರ್ಲಿಕಿಯಾ ಜ್ವರವೂ ಕಾರಣವಿರಬಹುದು. ಪಗ್, ಶಿಟ್ಸು ಸಾಕಿದವರಂತೂ ನೋವಿನ ಗುರುತಿಗಾಗಿ ಕಾಯುವಂತಿಲ್ಲ. ಚಪ್ಪಟೆ ಮುಖದ ಈ ತಳಿಗಳ ಕಾರ್ನಿಯಾಕ್ಕೆ ಸಂವೇದನೆಯೇ ಕಡಿಮೆ. ಗಾಯ ಆಳವಾದರೂ ನಾಯಿ ಹೆಚ್ಚೇನೂ ತೋರಿಸಿಕೊಳ್ಳದಿರಬಹುದು. ಅವುಗಳ ಕಣ್ಣನ್ನು ಒಳ್ಳೆಯ ಬೆಳಕಿನಲ್ಲಿ ದಿನಕ್ಕೊಮ್ಮೆ ಪರೀಕ್ಷಿಸುವುದು ಊಟ ಹಾಕುವಷ್ಟೇ ಕಡ್ಡಾಯ.