ಚಳಿಗಾಲದ ಯೂರೋಪು, ಒಂಟಿ ಪ್ರವಾಸಿ

ಯೂರೋಪು ಪ್ರವಾಸವು ಶ್ರೀಮಂತರ ಸೊತ್ತೆಂದು ನಮ್ಮ ವಾಚಕರಲ್ಲಿ ಅನೇಕರು ಭಾವಿಸಿರುವರು. ಬೇಸಗೆಯ ಮಟ್ಟಿಗೆ ಅದು ನಿಜವೇ. ಆದರೆ ಹೊಸ ವರ್ಷದ ಗದ್ದಲ ಅಡಗಿದ ಮೇಲೆ ಮಾರ್ಚ್‌ವರೆಗೆ ಅಲ್ಲಿಯ ನಗರಗಳಲ್ಲಿ ಪ್ರವಾಸಿಗಳು ವಿರಳ. ವಸತಿಯ ದರವೂ ಇಳಿಯುತ್ತದೆ. ಗಿರಾಕಿಯಿಲ್ಲದ ದಿನಗಳ ಸಂಕಟ ಹೋಟೆಲು ನಡೆಸಿದ ನಮಗೆ ತಿಳಿಯದುದಲ್ಲ. ಹಿಮದಾಟದ ಬೆಟ್ಟದೂರುಗಳು ಮಾತ್ರ ಇದಕ್ಕೆ ಹೊರತು.

ಮೊದಲ ಲೆಕ್ಕ ವೀಸಾದ್ದು. ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೋ; ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇರೆ. ವೀಸಾ ನಿರಾಕರಿಸಲ್ಪಟ್ಟರೆ ಶುಲ್ಕ ಮರಳದು. ಪಗಾರದಿಂದ ಉಳಿಸಿದ ಹಣವಾದುದರಿಂದ, ರದ್ದುಪಡಿಸಬಹುದಾದ ವಸತಿಯನ್ನೇ ಕಾದಿರಿಸತಕ್ಕದ್ದು.

ಇನ್ನು ರೈಲು. 1959ರಲ್ಲಿ ಆರಂಭವಾದ ಯೂರೇಲ್ ಪಾಸು ಇಂದು 33 ದೇಶಗಳಲ್ಲಿ ಸಲ್ಲುತ್ತದೆ. ಪಾಸಿದ್ದರೆ ಎಲ್ಲವೂ ಬಿಟ್ಟಿಯೆಂದು ತಿಳಿಯಬಾರದು. ಫ್ರಾನ್ಸ್, ಇಟಲಿ, ಸ್ಪೇನ್‌ಗಳ ವೇಗದ ಗಾಡಿಗಳಲ್ಲಿ ಆಸನಕ್ಕೆ ಪ್ರತ್ಯೇಕ ಹಣ ತೆರಬೇಕು. ಜರ್ಮನಿ, ಆಸ್ಟ್ರಿಯಗಳ ಬಹುತೇಕ ಹಗಲು ಗಾಡಿಗಳನ್ನು ಹಾಗೆಯೇ ಏರಬಹುದು. ಮೂರು ನಾಲ್ಕು ಊರುಗಳನ್ನಷ್ಟೇ ನೋಡುವವರಿಗೆ ಬಹಳ ಮುಂಚಿತವಾಗಿ ಕೊಂಡ ಬಿಡಿ ಟಿಕೇಟೇ ಅನೇಕ ವೇಳೆ ಅಗ್ಗ. ಆದರೆ ನಿಮ್ಮ ತಪ್ಪಿನಿಂದ ಅಂಥ ಟಿಕೇಟಿನ ಗಾಡಿ ತಪ್ಪಿದರೆ ಸಾಮಾನ್ಯವಾಗಿ ಹಣವೂ ಹೋದಂತೆಯೇ. ಲಕ್ಸೆಂಬರ್ಗಿನೊಳಗಂತೂ 2020ರ ಮಾರ್ಚ್‌ನಿಂದ ಎರಡನೆಯ ದರ್ಜೆಯ ರೈಲಿಗೆ ಟಿಕೇಟೇ ಬೇಡ. (ಲೋಕಲ್ ಪಾಸಿಗೆ ತಿಂಗಳು ತಿಂಗಳೂ ಹಣ ತೆರುವ ಮುಂಬಯಿಯ ಗುಮಾಸ್ತರು ನಂಬಿಯಾರೆ?)

ಒಂಟಿಯಾಗಿ ಹೋಗುವವರಿಗೆ ಬಾಡಿಗೆ ಹಂಚಿಕೊಳ್ಳಲು ಜತೆಯಿಲ್ಲ. ಹಾಸ್ಟೆಲಿನ ಸಾಮೂಹಿಕ ಕೋಣೆಯ ಒಂದು ಮಂಚವೇ ಗತಿ. ಹತ್ತು ಮಂದಿಯ ನಡುವೆ ಚಾಪೆ ಹಾಸಿ ಮಲಗಿದ ನಮ್ಮ ಹೋಟೆಲು ಕೆಲಸಗಾರರಿಗೆ ಅದೇನೂ ಕಷ್ಟವಲ್ಲ. ರಾತ್ರಿ ಗಾಡಿಯಲ್ಲಿ ಪಯಣಿಸಿದರೆ ಒಂದು ದಿನದ ಬಾಡಿಗೆ ಉಳಿಯುವುದೆಂಬುದು ಅರ್ಧ ಸತ್ಯ. ಮಲಗುವ ಬರ್ತಿಗೆ ಪಾಸಿನ ಮೇಲೂ ಹಣ ಕೊಡಬೇಕು.

ಜನವರಿಯ ನಡುವಿನಲ್ಲಿ ಬರ್ಲಿನ್ನಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಆದುದರಿಂದ ಹೊಸ ಊರನ್ನು ಮಧ್ಯಾಹ್ನದೊಳಗೆ ಸೇರಿಸುವ ಗಾಡಿಯನ್ನೇ ಆರಿಸಿಕೊಳ್ಳಬೇಕೆಂದು ನಮ್ಮ ಸೂಚನೆ.