ಹಳೆಯ ಕಾರಿನ ಹರಾಜು: ಮಾರುವವರ ಮೌನಕ್ಕೆ ಮಿತಿ ಎಲ್ಲಿ?

ಸಾಮಾನ್ಯ ಸರಕಿನ ಬೆಲೆಯನ್ನು ಅದರ ಉಪಯೋಗ ನಿರ್ಧರಿಸಿದರೆ, ಸಂಗ್ರಹಯೋಗ್ಯ ಹಳೆಯ ಕಾರಿನ ಬೆಲೆಯನ್ನು ಅದರ ಚರಿತ್ರೆ ನಿರ್ಧರಿಸುತ್ತದೆ. 2022ರ ಮೇ ತಿಂಗಳಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ 1955ರ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್‌ಆರ್ ಕಾರೊಂದು ಹರಾಜಿನಲ್ಲಿ 13.5 ಕೋಟಿ ಯೂರೋಗಳಿಗೆ ಮಾರಾಟವಾಯಿತು. ಆ ಮಾದರಿಯ ಕೂಪೆ ಕಾರುಗಳು ತಯಾರಾದದ್ದು ಕೇವಲ ಎರಡು. ಇಂತಹ ವಹಿವಾಟಿನಲ್ಲಿ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ಹಿಂದಿನ ಮಾಲೀಕರು, ಅಪಘಾತ ಮತ್ತು ದುರಸ್ತಿಗಳ ವಿವರವೇ ನಿಜವಾದ ಸರಕು. ಆ ವಿವರವನ್ನು ಪೂರ್ಣವಾಗಿ ಬಲ್ಲವರು ಬಹುತೇಕ ಮಾರುವವರು ಮಾತ್ರ. ಆದ್ದರಿಂದ ಅವರು ಎಷ್ಟನ್ನು ಹೇಳಲೇಬೇಕು ಎಂಬ ಪ್ರಶ್ನೆ ಏಳುತ್ತದೆ.

ಕಾನೂನಿನ ಕುದುರೆ

ನಮ್ಮ ಭಾರತೀಯ ಕರಾರು ಅಧಿನಿಯಮ, 1872ರ 17ನೇ ಕಲಮು ವಂಚನೆಯನ್ನು ವ್ಯಾಖ್ಯಾನಿಸುತ್ತದೆ. ಅಲ್ಲಿನ ದೃಷ್ಟಾಂತವೊಂದು ಹರಾಜಿಗೇ ಸಂಬಂಧಿಸಿದ್ದು. ಒಬ್ಬನು ತನ್ನ ಕುದುರೆಗೆ ದೋಷವಿದೆ ಎಂದು ತಿಳಿದೂ, ಏನನ್ನೂ ಹೇಳದೆ ಅದನ್ನು ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವನು, "ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ" ಎಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮಾನವಾಗುತ್ತದೆ.

ಮೊದಲ ದೃಷ್ಟಾಂತವನ್ನು ನೆಚ್ಚಿ ಕಾರನ್ನು ಹರಾಜಿಗಿಡುವವರು ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಒಂದು, ತಿಳಿದ ಸಂಗತಿಯನ್ನು ಕ್ರಿಯಾಪೂರ್ವಕವಾಗಿ ಮರೆಮಾಚುವುದು ಅದೇ ಕಲಮಿನಡಿ ವಂಚನೆ. ತುಕ್ಕು ಹಿಡಿದ ಚಾಸಿಸ್ಸಿಗೆ ಪುಟ್ಟಿ ಬಳಿದು ಬಣ್ಣ ಹೊಡೆದು ಮುಚ್ಚುವುದಾಗಲಿ, ಎಂಜಿನ್ನಿನ ಮೇಲೆ ಹೊಸದಾಗಿ ಸಂಖ್ಯೆ ಕೆತ್ತಿಸುವುದಾಗಲಿ ಬರಿಯ ಮೌನವಲ್ಲ. ಎರಡು, ಕುದುರೆಯನ್ನು ಮಾತಿಲ್ಲದೆ ಮಾರಬಹುದು. ಹಳೆಯ ಕಾರನ್ನು ವಿವರಣಾಪಟ್ಟಿಯಿಲ್ಲದೆ ಮಾರುವುದು ವಿರಳ. ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕೆಂದು ಸರಕು ಮಾರಾಟ ಅಧಿನಿಯಮ, 1930ರ 15ನೇ ಕಲಮು ವಿಧಿಸುತ್ತದೆ. "ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ" ಎಂಬ ಷರತ್ತು ಸವೆತ, ಶಿಥಿಲತೆಗಳ ಹೊಣೆಯನ್ನು ತಗ್ಗಿಸೀತು; ತಿಳಿದೂ ಹೇಳಿದ ಸುಳ್ಳಿಗೆ ಅದು ರಕ್ಷೆಯಾಗದು.

ಒಂದು ಶಬ್ದದ ಬೆಲೆ

ವಿವರಣೆಯ ಒಂದೊಂದು ಶಬ್ದವೂ ಎಷ್ಟು ತೂಕದ್ದೆಂಬುದನ್ನು 1990ರಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯ ತೀರ್ಮಾನಿಸಿದ ಬೆಂಟ್ಲಿ ಪ್ರಕರಣ ತೋರಿಸುತ್ತದೆ. ಅದು ಹರಾಜಲ್ಲ, ನೇರ ಮಾರಾಟ. ಆದರೂ ಅದರ ಪಾಠ ಹರಾಜಿಗೂ ಅನ್ವಯಿಸುತ್ತದೆ. 1929 ಮತ್ತು 1930ರ ಲ ಮಾನ್ಸ್ ಪಂದ್ಯಗಳನ್ನು ಗೆದ್ದ 'ಓಲ್ಡ್ ನಂಬರ್ ಒನ್' ಕಾರನ್ನು ಒಂದು ಕೋಟಿ ಪೌಂಡುಗಳಿಗೆ ಕೊಳ್ಳಲು ಒಪ್ಪಿದ್ದ ಸಂಸ್ಥೆ, ಇದು ನಿಜವಾದ ಆ ಕಾರಲ್ಲವೆಂದು ಹಿಂದೆ ಸರಿಯಿತು. 1932ರ ವೇಳೆಗೇ ಕಾರಿಗೆ ಬೇರೆ, ದೊಡ್ಡ ಎಂಜಿನ್ ಬಂದಿತ್ತು. 1929ರ ಭಾಗಗಳಲ್ಲಿ ಬಹುಪಾಲು ಉಳಿದಿರಲಿಲ್ಲ. ನ್ಯಾಯಮೂರ್ತಿ ಆಟನ್ ಅವರು, ಕಾರಿನ ಅಸ್ತಿತ್ವ ಎಲ್ಲಿಯೂ ಕಡಿಯದೆ ಮುಂದುವರಿದಿರುವುದರಿಂದ ಅದು ಅಧಿಕೃತವಾಗಿ ಅದೇ ಕಾರು ಎಂದರು; ಆದರೆ 'ಮೂಲ ರೂಪದ್ದು' ಎಂಬ ವಿಶೇಷಣ ಅದಕ್ಕೆ ಸಲ್ಲದೆಂದರು. ತೀರ್ಪು ಮಾರಿದವರ ಪರವಾಯಿತು. ಭಾಗಗಳು ಬದಲಾದ ಮಾತ್ರಕ್ಕೆ ಮಾರಾಟ ಕೆಡಲಿಲ್ಲ. ಬದಲಾವಣೆಗಳ ಸರಣಿಯನ್ನು ಗುರುತಿಸಲು ಸಾಧ್ಯವಾದದ್ದೇ ಆಧಾರವಾಯಿತು.

ಹುಸಿ ಸವಾಲು

ಸವಾಲು ಕೂಗುವಲ್ಲಿಯೂ ಪ್ರಾಮಾಣಿಕತೆ ಅಗತ್ಯ. 1930ರ ಅಧಿನಿಯಮದ 64ನೇ ಕಲಮಿನ ಪ್ರಕಾರ, ಆ ಹಕ್ಕನ್ನು ಮೊದಲೇ ಪ್ರಕಟಿಸದೆ ಮಾರುವವರು ತಾವಾಗಲಿ ತಮ್ಮವರ ಮೂಲಕವಾಗಲಿ ಸವಾಲು ಕೂಗುವಂತಿಲ್ಲ. ಹುಸಿ ಸವಾಲಿನಿಂದ ಬೆಲೆ ಏರಿಸಿದ್ದರೆ ಕೊಂಡವರು ಮಾರಾಟವನ್ನು ರದ್ದುಪಡಿಸಬಹುದು. ಇಂತಿಷ್ಟಕ್ಕಿಂತ ಕಡಿಮೆಗೆ ಕೊಡಲಾರೆವೆಂದಾದರೆ ಮೀಸಲು ಬೆಲೆಗೊಳಪಟ್ಟ ಹರಾಜೆಂದು ಪ್ರಕಟಿಸುವ ಸರಳ ಮಾರ್ಗ ಇದ್ದೇ ಇದೆ.

2021ರ ನಿಯಮ

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದಕ್ಕೆ ಅರ್ಹ. ಹೀಗಾಗಿ ಮಾರ್ಪಾಡನ್ನು ಮುಚ್ಚಿಟ್ಟು ಮಾರಿದರೆ, ಕೊಂಡವರು ಹಣದೊಂದಿಗೆ ವಿಂಟೇಜ್ ನೋಂದಣಿಯ ಅವಕಾಶವನ್ನೂ ಕಳೆದುಕೊಳ್ಳಬಹುದು.

ಅನುಸರಿಸಬೇಕಾದ ಕ್ರಮ

ಹರಾಜಿಗೆ ಮುನ್ನ ಮಾರುವವರು ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ತಾಳೆ ನೋಡಲಿ. ಬದಲಾದ ಭಾಗಗಳು, ಅಪಘಾತಗಳು, ಬಾಕಿ ಸಾಲಗಳನ್ನು ಬರವಣಿಗೆಯಲ್ಲಿ ಕೊಡಲಿ. ಖಚಿತವಿಲ್ಲದ್ದನ್ನು 'ಹೀಗೆಂದು ಕೇಳಿದ್ದೇವೆ' ಎಂದೇ ದಾಖಲಿಸಲಿ. ಹರಾಜುದಾರರು ಮಾರುವವರ ಪ್ರತಿನಿಧಿಗಳಾದ್ದರಿಂದ, ಅವರು ಮುದ್ರಿಸುವ ವಿವರಣೆಯ ಕರಡನ್ನು ಓದಿ ಸಹಿ ಮಾಡಿದ ಪ್ರತಿಯನ್ನು ಕಡತದಲ್ಲಿಡಲಿ.

ಹಳೆಯ ಲೇತ್, ಜನರೇಟರ್, ಸಾಗಣೆ ವಾಹನಗಳನ್ನು ಹರಾಜಿಗಿಡುವ ನಮ್ಮ ಸದಸ್ಯರಿಗೂ ಇದೇ ಕ್ರಮ ಹಿತಕರ. ದೋಷವನ್ನು ಮುಂಚೆಯೇ ಹೇಳಿದರೆ ಸವಾಲು ಸ್ವಲ್ಪ ತಗ್ಗಬಹುದು. ಆದರೆ ಸುತ್ತಿಗೆ ಬಿದ್ದ ಮೇಲೆ ಕೈಸೇರಿದ ಹಣ ನಿಶ್ಚಿಂತೆಯಿಂದ ಮಾರಿದವರ ಬಳಿಯೇ ಉಳಿಯುತ್ತದೆ.